ಕರೆಕ್ಷನ್

ಸೋಮವಾರ ಹತ್ತೂಕಾಲಿಗೆ ಫೋನು. ಲೋಹಿತ್,
ನನ್ನ ಎಸ್‌ಐಪಿ ನೋಡಿಕೊಳ್ಳುವ ಹುಡುಗ:
"ಗಾಬರಿ ಬೇಡ ಮೇಡಂ, ಮಾರ್ಕೆಟ್ಟಿನಲ್ಲಿ
ಒಂದು ಸಣ್ಣ ಕರೆಕ್ಷನ್, ಅಷ್ಟೇ."

ಚಾಮರಾಜಪೇಟೆಯ ಪ್ರೆಸ್ಸಿನ ಕಿಟಕಿ ಪಕ್ಕ ಕೂತು
ಮೂವತ್ತನಾಲ್ಕು ವರ್ಷ ನಾನು ಮಾಡಿದ್ದೂ ಅದನ್ನೇ.
ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು,
ಏಳನೇ ಕ್ಲಾಸಿನ ಗೈಡು, ಸೊಸೈಟಿಯ ವಾರ್ಷಿಕ ವರದಿ.
ಎಷ್ಟೋ ಅಲ್ಪಪ್ರಾಣಗಳ ಹೊಟ್ಟೆ ಸೀಳಿ
ಮಹಾಪ್ರಾಣ ಮಾಡಿ ಕಳಿಸಿದ್ದೇನೆ,
ಅರಿವಳಿಕೆ ಇಲ್ಲದೆ, ಅಡ್ವಾನ್ಸ್ ಕಟ್ಟಿಸಿಕೊಳ್ಳದೆ.
ಆದರೆ ತಿದ್ದುವ ನೆಪದಲ್ಲಿ ಯಾರ ಗಂಟಿನಿಂದಲೂ
ಮೂವತ್ತೊಂದು ಸಾವಿರ ಹೊಡೆದುಹಾಕಿದವಳಲ್ಲ.

ಎಂಟು ಜನರ ಪ್ರೆಸ್ಸು ನಮ್ಮದು;
ಇಎಸ್‌ಐಗೆ ಇಬ್ಬರು ಕಮ್ಮಿ, ಪಿಎಫ್‌ಗೆ ಹನ್ನೆರಡು.
ಮಾಲೀಕರು ಮನಸ್ಸು ಮಾಡಿ ಕೊಟ್ಟ ಒಂದೂವರೆ ಲಕ್ಷ,
ಎರಡು ಚೀಟಿ ಎತ್ತಿದ್ದು, ಅಮ್ಮನ ಬಳೆ ಕರಗಿಸಿದ್ದು,
ಬಸವನಗುಡಿ ಅಂಚೆ ಕಚೇರಿಯ ಪಾಸ್‌ಬುಕ್ಕಿಗೆ
ಮೂರು ತಿಂಗಳಿಗೊಮ್ಮೆ ಬಂದು ಬೀಳುವ ಬಡ್ಡಿ,
ಮತ್ತೆ ಈ ಎಸ್‌ಐಪಿ. ಏರುತ್ತದೆ, ಇಳಿಯುತ್ತದೆ.
ಜಾಹೀರಾತಿನವನು ಉಸಿರು ಬಿಡದೆ ಒದರುವ ಎಚ್ಚರಿಕೆಯನ್ನು
ನಿಧಾನಕ್ಕೆ ಓದಿದವಳು ನಾನೊಬ್ಬಳೇ ಇರಬೇಕು.

ಲೋಹಿತನ ಫೋನಿನಲ್ಲೊಂದು ಗೀಟು:
"ಎಷ್ಟು ವಯಸ್ಸಿನವರೆಗೆ ಬದುಕುವ ಅಂದಾಜು?"
ಸ್ಟೆಲ್ಲಾ ಗೋಂದು ಮೆತ್ತಿದ ಹೆಬ್ಬೆರಳಲ್ಲಿ
ಎಪ್ಪತ್ತಾರಕ್ಕೆ ಎಳೆದು ನಿಲ್ಲಿಸಿದಳು: ದುಡ್ಡು ಸಾಕು, ಹಸಿರು.
ನಾನು ತೊಂಬತ್ತಕ್ಕೆ ತಳ್ಳಿದೆ: ಪರದೆಯೆಲ್ಲ ಕೆಂಪು.
ಕೆಂಪಿಗೆ ನಾನು ಹೆದರುವುದಿಲ್ಲ, ಅದು ನನ್ನ ಶಾಯಿ.
ಆದರೂ ಎಂಬತ್ತೆರಡಕ್ಕೆ ಇಬ್ಬರೂ ಒಪ್ಪಿದೆವು,
ಗಾಂಧಿಬಜಾರಿನಲ್ಲಿ ಅವರೆಕಾಯಿಗೆ ಒಪ್ಪುವ ಹಾಗೆ.

ಆಮೇಲೆ ಆರೋಗ್ಯ ವಿಮೆ. ನಲವತ್ತೆರಡು ಪುಟ.
ನಮ್ಮಲ್ಲಿ ಆರು ಪಾಯಿಂಟ್ ಅನ್ನುವ ಅಕ್ಷರ,
ಮಾತ್ರೆ ಪಟ್ಟಿಯ ಹಿಂಬದಿಗೆ ಬಳಸುವಂಥದ್ದು.
ಅಭ್ಯಾಸಬಲ, ಪೆನ್ನು ಬಿಚ್ಚಿಕೊಂಡೇ ಕೂತೆ.
ಹನ್ನೊಂದನೇ ಪುಟ: "ಕಾಯುವ ಅವಧಿ ಮೂವತ್ತಾರು ತಿಂಗಳು."
ನನ್ನ ಬಿಪಿಗೆ, ಸ್ಟೆಲ್ಲಾಳ ಸಕ್ಕರೆಗೆ.
ಕಾಯುವುದು ಯಾರು? ಅವರು ನಮ್ಮನ್ನೋ, ನಾವು ಅವರನ್ನೋ?
ಅಂಚಿನಲ್ಲೊಂದು ಪ್ರಶ್ನಾರ್ಥಕ ಹಾಕಿಟ್ಟೆ.

ಒಂದೇ ಪಾಲಿಸಿಯಲ್ಲಿ ಇಬ್ಬರನ್ನೂ ಸೇರಿಸಿದರೆ
ವರ್ಷಕ್ಕೆ ಒಂಬತ್ತು ಸಾವಿರ ಉಳಿಯುತ್ತದೆ.
"ಸಂಬಂಧ?" ಅಂತ ಕೇಳುತ್ತದೆ ಅರ್ಜಿ.
ಗಂಡ, ಮಗ, ಮಗಳು, ತಂದೆ, ತಾಯಿ, ಅತ್ತೆ, ಮಾವ.
ನಾನು ತಿದ್ದಿದ ಪುಟಗಳನ್ನು ಮಡಿಸಿ, ಹೊಲಿದು,
ಇಪ್ಪತ್ತಾರು ವರ್ಷ ಪುಸ್ತಕ ಮಾಡಿದವಳು,
ನನ್ನ ಬುತ್ತಿಯ ಉಪ್ಪಿನಕಾಯಿ ಕದ್ದವಳು,
ಜಯದೇವದ ಕಾರಿಡಾರಿನಲ್ಲಿ ನನ್ನ ಚಪ್ಪಲಿ ಹಿಡಿದು
ರಾತ್ರಿಯೆಲ್ಲ ಕೂತವಳು ಪಟ್ಟಿಯಲ್ಲಿಲ್ಲ.
ಬಿಟ್ಟುಹೋದದ್ದು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ:
ಮಗಳಿಗೂ ತಂದೆಗೂ ನಡುವೆ ಒಂದು ಹಂಸಪಾದ ಹಾಕಿ
ಮೇಲೆ ಬರೆದೆ, ಸ್ಟೆಲ್ಲಾ ಮೇರಿ, ಬೈಂಡಿಂಗ್ ವಿಭಾಗ.
ಲೋಹಿತ್ ಪಾಪ ತುಂಬ ಹೊತ್ತು ಅದನ್ನೇ ನೋಡಿದ.
"ಸಿಸ್ಟಮ್ ತಗೊಳ್ಳಲ್ಲ ಮೇಡಂ."
ಹೊಸ ಫಾರಂ ಕೊಟ್ಟ. ಎರಡು.

ಆ ರಾತ್ರಿ ಹಾಳು ಪ್ರೂಫಿನ ಹಿಂಬದಿಯಲ್ಲಿ ಲೆಕ್ಕ:
ಬಾಡಿಗೆ ಹನ್ನೊಂದು ಸಾವಿರ, ಅರ್ಧರ್ಧ.
ಮಾತ್ರೆ ಎರಡೂವರೆ. ಗ್ಯಾಸು, ಕರೆಂಟು, ಹಾಲು.
ಕ್ರಿಸ್‌ಮಸ್‌ಗೊಂದು, ಗೌರಿಗೊಂದು ಸೀರೆ (ಇದನ್ನು ಹೊಡೆದುಹಾಕಿ
ಮತ್ತೆ ಬರೆದಿದ್ದೇನೆ).

ಏಪ್ರಿಲ್ ಒಂದು. ಗುಟ್ಟಹಳ್ಳಿಯಲ್ಲಿ ನೆಲಮಹಡಿ ಮನೆ,
ಮಂಡಿಗಳನ್ನು ಕೇಳಿಯೇ ಹಿಡಿದದ್ದು.
ಇನ್ನೂ ಬಿಚ್ಚದ ಗಂಟುಗಳ ನಡುವೆ
ಸ್ಟೆಲ್ಲಾ ಒಲೆ ಹಚ್ಚಿದಳು, ಹಾಲುಕ್ಕಿಸಲು.
ಲೋಹಿತನ ಮೆಸೇಜು: ಇವತ್ತು ನಾನೂರು ಪಾಯಿಂಟ್ ಮೇಲೆ,
ಆದರೂ ಈಗಲೇ ಏನೂ ಮುಟ್ಟಬೇಡಿ.
"ಏನಂತೆ?" ಅಂದಳು.
ಕಾಯಬೇಕಂತೆ, ಅಂದೆ.
"ಕಾಯ್ತಾ ಇದೆ," ಅಂದಳು ಪಾತ್ರೆಯಿಂದ ಕಣ್ಣು ತೆಗೆಯದೆ,
"ಒರೆಸೋ ಬಟ್ಟೆ ಯಾವ ಗಂಟಲ್ಲಿ ಹಾಕಿದ್ದೀಯೋ, ಹುಡುಕು."