ಸೊನ್ನೆ ಪೆಟ್ಟು

ಅರವತ್ತಮೂರೂವರೆ ಕಿಲೋದ ಸುತ್ತಿಗೆ
ಮುಕ್ಕಾಲು ಮೀಟರ್ ಮೇಲಿಂದ ಬೀಳಬೇಕು.
ಸರಳು ಒಂದಡಿ ಇಳಿಯಲು ಎಷ್ಟು ಪೆಟ್ಟು,
ಎಣಿಸಿ ಬರೆಯಬೇಕು.
ಮೊಗ್ರಾಲಿನ ಹೊಳೆಬದಿಯಲ್ಲಿ ಆ ದಿನ
ಇಷ್ಟೇ ನನ್ನ ಕೆಲಸ.

ಸುತ್ತಿಗೆ ಎತ್ತುವ ಮುಂಚೆಯೇ ಸರಳು
ತನ್ನ ಭಾರಕ್ಕೆ ತಾನೇ ಇಳಿಯಿತು,
ಮಜ್ಜಿಗೆಗೆ ಸೌಟು ಇಳಿದ ಹಾಗೆ.
ಬರೆದೆ: ಸೊನ್ನೆ.
ಐತಪ್ಪ ಮೇಸ್ತ್ರಿ ಇಣುಕಿ ನೋಡಿ ಕೇಳಿದರು,
"ಓವರ್ಸಿಯರಮ್ಮ, ನೆಲ ಫೇಲಾ?"

ಕಟ್ಟಬೇಕಿದ್ದದ್ದು ಒಂದು ಅಂಗನವಾಡಿ.
ಒಂದು ಕೋಣೆ, ಗಂಜಿ ಬೇಯಿಸಲು ಒಂದು ಮೂಲೆ,
ಹದಿನೇಳು ಮಕ್ಕಳು. ಅವರೆಲ್ಲರ ತೂಕ ಕೂಡಿಸಿದರೂ
ಅರ್ಧ ಲೋಡು ಮುರಕಲ್ಲಿಗೆ ಸಮವಾಗದು.
ಗಟ್ಟಿ ನೆಲ ಇರುವುದು ಹದಿನಾಲ್ಕು ಮೀಟರ್ ಕೆಳಗೆ,
ಅನುದಾನ ಇಳಿಯುವುದು ಮೂರಡಿಯವರೆಗೆ.

ಅಗೆದರೆ ಕಪ್ಪು ಕೆಸರು. ಕೊಳೆತ ಮೊಟ್ಟೆಯ ನಾತ.
ಹಾರೆಗೆ ತಾಗಿದ್ದು ತೆಂಗಿನ ಸಿಪ್ಪೆ, ಅದರಡಿಯಲ್ಲಿ ಮತ್ತೆ ಸಿಪ್ಪೆ,
ಯಾರೋ ಜೋಡಿಸಿ ಇಟ್ಟು ಮರೆತ ಹಾಗೆ.
ನಾವೆಲ್ಲ ಮೂಗು ಮುಚ್ಚಿದೆವು.
ಬೇಲಿಯಾಚೆ ನಿಂತಿದ್ದ ಬೀಪಾತುಮ್ಮ ಮುಚ್ಚಲಿಲ್ಲ.
"ಇದು ನಮ್ಮ ಗುಂಡಿ," ಅಂದರು,
"ಹೂತದ್ದು ನಾನೂ ನನ್ನ ಉಮ್ಮನೂ.
ಹತ್ತು ತಿಂಗಳು ಕಳೆದು ತೆಗೆಯಬೇಕಿತ್ತು.
ಆ ವರ್ಷ ಉಮ್ಮ ತೀರಿಕೊಂಡರು."

ಎಷ್ಟು ವರ್ಷವಾಯಿತು ಎಂದು ಯಾರೂ ಕೇಳಲಿಲ್ಲ.
ಐತಪ್ಪ ಒಂದು ಸಿಪ್ಪೆ ಎತ್ತಿ ನೀರಲ್ಲಿ ಹಿಸುಕಿದರು.
ಚೂರೆಲ್ಲ ಕರಗಿ ಹೋಯಿತು, ನಾರು ಉಳಿಯಿತು.
ಎರಡು ಮುಷ್ಟಿಗೆ ಸುತ್ತಿ ಎಳೆದರು,
ಕತ್ತಿನ ನರ ಉಬ್ಬುವಷ್ಟು.
ತುಂಡಾಗಲಿಲ್ಲ.

ಒತ್ತಿದರೆ ಮಣ್ಣು ತಾಳುತ್ತದೆ, ಎಳೆದರೆ ತಾಳದು,
ಗೋಡೆ ಕೆಳಕ್ಕೆ ಒತ್ತಿದರೆ ಅದು ಬದಿಗೆ ಜಾರುತ್ತದೆ,
ಎಂದು ನಾನು ಪಾಲಿಟೆಕ್ನಿಕ್ಕಿನ ಪಾಠ ಒಪ್ಪಿಸುತ್ತಿರುವಾಗ
ಮೇಸ್ತ್ರಿ ಅಂದರು, "ಅಕ್ಕಿ ಮೂಟೆ ಮೇಲೆ ಕೂರಬಹುದು.
ಗೋಣಿ ಬಿಚ್ಚಿ ಸುರಿದ ಅಕ್ಕಿ ಮೇಲೆ
ಕೂತು ನೋಡಿ."

ಹಾಗೆ ಬಂತು ಹಗ್ಗದ ಚಾಪೆ. ಮೂರು ಪದರ.
ಕೆಸರು ತೆಗೆದ ಕಡೆ ಹೊಯಿಗೆ, ಅದರ ಮೇಲೆ ಚಾಪೆ,
ಮತ್ತೆ ಗೇಣುದ್ದ ಹೊಯಿಗೆ, ನೀರು, ದಿಮ್ಮಿಸು,
ಮತ್ತೆ ಚಾಪೆ. ಗೋಡೆಯ ಅಗಲಕ್ಕಿಂತ
ಆಚೆಗೊಂದು ಮೊಳ, ಈಚೆಗೊಂದು ಮೊಳ.
ಬೀಪಾತುಮ್ಮ ಗುಂಡಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು
ಸಡಿಲ ಗಂಟುಗಳನ್ನು ಬೆರಳಲ್ಲೇ ಹುಡುಕಿ
ಬಿಚ್ಚಿಸಿ ಹಾಕಿಸಿದರು. ಹನ್ನೊಂದು.
ಹನ್ನೆರಡನೆಯದು ನಾನೇ ಹಾಕಿದ್ದು, ಅದನ್ನೂ.

ಕಾಸರಗೋಡಿನಿಂದ ಬಂದ ದೊಡ್ಡ ಇಂಜಿನಿಯರರು
ಬೂಟು ಕೆಸರಾಗದಂತೆ ಹಲಗೆಯ ಮೇಲೆ ನಿಂತು ಕೇಳಿದರು:
"ನಾರು ಕೊಳೆಯುತ್ತದಲ್ಲ, ಆಮೇಲೆ?"
ನನ್ನ ಬಳಿ ಲೆಕ್ಕವಿತ್ತು. ಭಾರ ಬಿದ್ದ ಜೇಡಿಯಿಂದ
ನೀರು ತೊಟ್ಟುತೊಟ್ಟಾಗಿ ಹೊರಡುತ್ತದೆ,
ಒಂದು ಮಳೆಗಾಲ, ಎರಡು, ಐದು,
ಅಷ್ಟರಲ್ಲಿ ಅದೇ ಬಿಗಿಯಾಗುತ್ತದೆ ಸರ್.
ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೀಪಾತುಮ್ಮ ಅಂದರು,
"ತೊಟ್ಟಿಲ ಹಗ್ಗ ಎಷ್ಟು ವರ್ಷ ಬೇಕು ಸಾರೇ?"

ಎರಡು ಮಳೆಗಾಲ ಕಳೆಯಿತು.
ಕಿಟಕಿಯ ಮೂಲೆಯ ಕೂದಲೆಳೆ ಬಿರುಕಿಗೆ ಅಡ್ಡಲಾಗಿ
ನಾನು ಅಂಟಿಸಿದ್ದ ಗಾಜಿನ ಪಟ್ಟಿ ಒಡೆದಿಲ್ಲ.
ಅದರ ಮೇಲೆ ಯಾವುದೋ ಮಗು
ಮೀನಿನ ಚಿತ್ರ ಬಿಡಿಸಿದೆ.
ನಾಲ್ಕೂ ಮೂಲೆ ಇಳಿದಿವೆ, ಹತ್ತೊಂಬತ್ತು ಮಿಲಿಮೀಟರ್,
ಒಂದರಷ್ಟೇ ಇನ್ನೊಂದು.
ಇಳಿಯಲಿ. ಓರೆಯಾಗದಿದ್ದರೆ ಸಾಕು.

ಒಳಗೆ ಅಳು, ಅಕ್ಷರ, ಮೂರು ಭಾಷೆಯಲ್ಲಿ ಜಗಳ.
ಒಲೆಯ ಮೇಲೆ ಗಂಜಿ ಉಕ್ಕುತ್ತಿದೆ.

ಇನ್ನೂರ ನಲವತ್ತು ಚದರ ಮೀಟರ್ ಚಾಪೆಯ ಬಿಲ್ಲು
ಪಾಸಾಗಿಲ್ಲ ಇನ್ನೂ.
ಬೀಪಾತುಮ್ಮ ಸಿಕ್ಕಾಗಲೆಲ್ಲ ನಾನು ಕಡತದ ಮಾತೆತ್ತುತ್ತೇನೆ,
ಅವರು ಮಕ್ಕಳ ಮಾತು.
ಮೇಜಿನಿಂದ ಮೇಜಿಗೆ ಅದು ಇಳಿಯುತ್ತಲೇ ಇದೆ,
ಒಂದು ಪೆಟ್ಟೂ ಬೀಳದೆ.