ಮೊರಾವಿಯಾದ ಕೌಂಟನ ಪರವಾಗಿ

ವಿಗನ್ ಆಸ್ಪತ್ರೆ, ಎರಡನೆಯ ಮಹಡಿ, ಡಯಾಲಿಸಿಸ್ ಕೋಣೆ.
ಸೋಮ, ಬುಧ, ಶುಕ್ರ. ಏಳಕ್ಕೆ ಸೂಜಿ,
ಹನ್ನೊಂದಕ್ಕೆ ಬಿಡುಗಡೆ. ಅಷ್ಟು ಹೊತ್ತೂ
ನಮ್ಮ ನೆತ್ತರು ಹೊರಗೆ ತಿರುಗಾಡಿ ಬರುತ್ತದೆ.
ನಾವು ಕೂತಲ್ಲೇ ಕೂತು
ಸತ್ತ ಜಟ್ಟಿಗಳನ್ನು ಎಬ್ಬಿಸಿ ಕಾದಾಡಿಸುತ್ತೇವೆ.

ಕಾಲು ಕೆರೆಯುವವನು ಯಾವಾಗಲೂ ಸಿರಿಲ್.
‘ಏನೇ ಅನ್ನಿ, ಕೌಂಟ್ ಮೊರಾವಿಯಾನಂಥವನು
ಮತ್ತೆ ಹುಟ್ಟಲಿಲ್ಲ.’

ಕೌಂಟ್ ಅಂತೆ!
ಅವನು ಹುಟ್ಟಿದ್ದು ಲೀ ಪೇಟೆಯಲ್ಲಿ, ಕಲ್ಲಿದ್ದಲ ಗಾಡಿಯವನ ಮಗ.
ಆ ನೇರಳೆ ನಿಲುವಂಗಿ ಅತ್ತೆಮನೆಯ ಕಿಟಕಿಯ ಪರದೆ.
ಕಾಲ್ಬೆರಳು ಎಡವಿದಾಗ ಬಾಯಿಗೆ ಬರುತ್ತಿದ್ದ ಬೈಗುಳ
ಅಪ್ಪಟ ಲ್ಯಾಂಕಷೈರಿನದು.
ಎಡ ಮೊಣಕಾಲು ಹುಳುಕು.
ಏಟು ಬೀಳುವ ಮೊದಲೇ ಕೂಗು.
ಬೀಳುವಾಗಲೋ, ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದ,
ಹಾಸಿಗೆ ಕೊಡವಿ ಮಲಗುವವನ ಹಾಗೆ.
ಜಾರಿ ಬಿದ್ದದ್ದನ್ನೂ ಪಟ್ಟೆಂದು ಮಾರಿಕೊಂಡ ಜಟ್ಟಿ!
ಹನ್ನೊಂದು ವರ್ಷ ಇದನ್ನೇ ಹೇಳಿದ್ದೇನೆ ನಾನು,
ಒಂದು ಅಕ್ಷರ ಬಿಡದೆ.

ವಿನಿಫ್ರೆಡ್‌ಗೆ ಬೇಕಾದವನು ಬಾಯ್ಲರ್ ಟ್ಯಾಟರ್ಸಾಲ್.
ಇಪ್ಪತ್ತೆಂಟು ಸ್ಟೋನ್ ತೂಕ, ಬಲ್ಲದ್ದು ಒಂದೇ ಪಟ್ಟು: ಹೊಟ್ಟೆ.
‘ಹೊಟ್ಟೆಯಿಂದ ತಳ್ಳುವುದು ಕುಸ್ತಿಯಾದರೆ
ನಾನು ಓಡಿಸಿದ ಬಸ್ಸೂ ಪೈಲ್ವಾನನೇ’
ಅನ್ನುತ್ತಾನೆ ಡೆಸ್ಮಂಡ್ ಪಿನಕ್.
ಕಿಂಗ್‌ಸ್ಟನ್ನಿನಿಂದ ಬಂದ ಮೊದಲ ಚಳಿಗಾಲ,
ಬಾಡಿಗೆ ಕೋಣೆಯೊಡತಿ ಅವನನ್ನು ನಡುಮನೆಗೆ ಕರೆಯುತ್ತಿದ್ದದ್ದು
ಶನಿವಾರ ನಾಲ್ಕಕ್ಕೆ, ಟಿವಿಯಲ್ಲಿ ಕುಸ್ತಿ ಇದ್ದಾಗ ಮಾತ್ರ.
ಅದಕ್ಕೇ ಅವನು ಯಾರನ್ನೂ ಪೂರ್ತಿ ತೆಗಳುವುದಿಲ್ಲ.

ವಿನಿಫ್ರೆಡ್ ಬೋಲ್ಟನ್ನಿನಲ್ಲಿ ಹಗ್ಗದ ಹತ್ತಿರಕ್ಕೇ ನುಗ್ಗಿ
ಕೊಡೆಯಿಂದ ಕೌಂಟನ ನೆತ್ತಿಗೆ ಬಾರಿಸಿದವಳು.
ಅವನು ಹಲ್ಲು ಕಡಿದು ಗರ್ಜಿಸಿದನಂತೆ,
ಆಮೇಲೆ ಬಗ್ಗಿ, ಅವಳಿಗೊಬ್ಬಳಿಗೇ ಕೇಳುವಂತೆ,
‘ಮೆಲ್ಲಗೆ ತಾಯೀ,
ನಾಳೆ ಬ್ಲ್ಯಾಕ್‌ಬರ್ನಿನಲ್ಲೂ ಇದೇ ತಲೆ ಬೇಕು.’

ಒಮ್ಮೆ ಹೊಸ ನರ್ಸು, ಪಾಪದ ಹುಡುಗಿ,
‘ಅದೆಲ್ಲ ಮೊದಲೇ ಮಾತಾಡಿಕೊಂಡದ್ದಲ್ಲವೇ?’ ಅಂದಳು.
ಯಂತ್ರಗಳ ಗೊರಗೊರ ಬಿಟ್ಟರೆ ಸದ್ದಿಲ್ಲ.
ಸಿರಿಲ್ ಕಂಬಳಿ ಸರಿಪಡಿಸಿಕೊಂಡ.
‘ಯಾರು ಗೆಲ್ಲಬೇಕೆಂದು ಮಾತಾಗಿತ್ತು, ಹೌದು.
ಹಲಗೆಯ ಜೊತೆ ಯಾರೂ ಮಾತಾಡಿರಲಿಲ್ಲ.’

ಫೆಬ್ರವರಿಯ ಒಂದು ಬುಧವಾರ
ಕಿಟಕಿ ಪಕ್ಕದ ಕುರ್ಚಿ ಒರೆಸಿತ್ತು,
ಮೇಲೆ ಹೊಸ ನೀಲಿ ಕಾಗದ.
ಯಾರೂ ಕೇಳಲಿಲ್ಲ. ಇಲ್ಲಿ ಕೇಳುವುದಿಲ್ಲ.
ಅವತ್ತು ನಾಲ್ಕು ಗಂಟೆ ಎಷ್ಟು ಉದ್ದವೆಂದು ಗೊತ್ತಾಯಿತು.

ಮುಂದಿನ ವಾರ ಅಲ್ಲೊಬ್ಬ ಹುಡುಗ,
ಕಿವಿಯಲ್ಲಿ ಹಾಡು, ಮೊಣಕೈಯಲ್ಲಿ ಇನ್ನೂ ಹಸಿ ಗಾಯ.
ಏಳೂ ನಲವತ್ತು.
ಡೆಸ್ಮಂಡ್ ಕೆಮ್ಮಿದ. ಸೂರು ನೋಡುತ್ತ,
‘ಆ ಮೊರಾವಿಯಾ ಶುದ್ಧ ಬುರುಡೆ.
ಎಡ ಮೊಣಕಾಲು ಹುಳುಕು’ ಅಂದ,
ನನ್ನ ಮಾತನ್ನು ನನ್ನ ಮುಂದೆಯೇ ಇಟ್ಟು.

ಯಾರೋ ಜಗಳಕ್ಕೆ ನಿಲ್ಲಬೇಕಿತ್ತು.

‘ಮುಚ್ಚಯ್ಯ ಬಾಯಿ’ ಎಂದಿತು ನನ್ನ ದನಿ.
‘ಎಡಗಾಲು ಹಾಳಾಗಿದ್ದಕ್ಕೇ
ಬಲಗಾಲೊಂದರ ಮೇಲೆ ಬುಗುರಿಯಂತೆ ತಿರುಗುತ್ತಿದ್ದ.
ಹಿಂದೆ ನೋಡುತ್ತಿದ್ದದ್ದು ಹೆದರಿ ಅಲ್ಲ.
ಮೊದಲ ಸಾಲಿನಲ್ಲಿ ಮಕ್ಕಳು ಕೂತಿರುತ್ತಿದ್ದರು,
ಎಂಟು ಪೆನ್ಸಿನ ಬೆಂಚು, ಹಗ್ಗಕ್ಕೆ ಮೂಗು ತಾಗಿಸಿಕೊಂಡು.
ಒಂದು ಮಗುವಿನ ಮೇಲಾದರೂ ಬಿದ್ದನೇ? ಹೇಳು.
ಮೂವತ್ತು ವರ್ಷದಲ್ಲಿ, ಒಂದು?’
ನಿಜವೋ ಸುಳ್ಳೋ ಗೊತ್ತಿರಲಿಲ್ಲ.
ಸಿರಿಲ್ ಆಗಿದ್ದರೆ ಹೀಗೇ ಹೇಳುತ್ತಿದ್ದ, ಇನ್ನೂ ಚೆನ್ನಾಗಿ.

ನನ್ನ ಯಂತ್ರ ಕಿರುಚಿತು. ನರ್ಸು ಓಡಿ ಬಂದು
ಬಿಪಿ ಏರಿದೆ, ಸುಮ್ಮನಿರಿ ಅಂದಳು.
ಹುಡುಗ ಒಂದು ಕಿವಿ ಖಾಲಿ ಮಾಡಿಕೊಂಡ.
‘ಯಾರದು ಮೊರಾವಿಯಾ?’

ವಿನಿಫ್ರೆಡ್ ಸೂಜಿಯಿಲ್ಲದ ಕೈಯನ್ನು ಮೇಲೆತ್ತಿ
ಅಲ್ಲಿಲ್ಲದ ಕೊಡೆಯನ್ನು
ಗಟ್ಟಿಯಾಗಿ ಹಿಡಿದಳು.