ಜೋಡಿ ಐದು

ಬಾಗಿಲ ಮೇಲೆ ಕುಂಟು ಬಾತುಕೋಳಿಯ ಚಿತ್ರ.
ಯಾವ ಕಾಲು ಕುಂಟು ಎಂಬುದು
ಬರೆದವನು ಸತ್ತು ಅರವತ್ತು ವರ್ಷವಾದರೂ
ಇತ್ಯರ್ಥವಾಗಿಲ್ಲ.
ಒಳಗೆ ಬರುವಾಗ ತಲೆ ತಗ್ಗಿಸಬೇಕು.
ತೊಲೆಗೆ ದೊಡ್ಡವರು ಸಣ್ಣವರೆಂಬ ಭೇದವಿಲ್ಲ:
ಪಾದ್ರಿಗೂ ಬಡಿದಿದೆ, ತೆರಿಗೆಯವನಿಗೂ,
ಹನ್ನೊಂದು ವರ್ಷದ ಹಿಂದೆ ನನಗೂ.

ಹನ್ನೊಂದು ವರ್ಷ. ಈಗಲೂ ನಾನು ‘ಆ ಹೊಸ ಬಸ್ಸಿನವ’.
ಲೀಡ್ಸಿನಿಂದ ಬಂದವನು, ಮಾತಿನಲ್ಲಿನ್ನೂ ಗಿರಣಿಯ ಸದ್ದು
ಎನ್ನುತ್ತಾಳೆ ನೆಸ್ಟಾ, ಪಂಪಿನ ಹಿಡಿಕೆ ಎಳೆಯುತ್ತ,
ನೊರೆ ಇಳಿಯಲೆಂದು ಕಾಯುತ್ತ, ಮತ್ತೆ ಎಳೆಯುತ್ತ.
ಇಲ್ಲಿ ಬಿಯರಿಗೂ ಅವಸರವಿಲ್ಲ.

ಅಂಗಡಿ ಮುಚ್ಚಿದ ಮೇಲೆ
ಮಂಗಳವಾರ, ಶುಕ್ರವಾರ ಬೆಳಿಗ್ಗೆ
ಈ ಕಟ್ಟೆಯ ತುದಿಯೇ ಅಂಚೆಕಚೇರಿ.
ಉಪ್ಪುಹುಳಿಯಲ್ಲಿ ನೆನೆದ ಮೊಟ್ಟೆಗಳ ಜಾಡಿ, ಪಕ್ಕದಲ್ಲಿ ತಕ್ಕಡಿ.
ಪಿಂಚಣಿ ಎಣಿಸಿಕೊಂಡ ಮುದುಕಿಯರು ಚಹಾ ಕುಡಿದೇ ಹೋಗುವುದು,
ಕೆಲವರು ಚಹಾ ಎಂದು ಹೇಳಿ ಬೇರೆಯದನ್ನು.
ಸಂಜೆಗೆ ಒದ್ದೆ ನಾಯಿಗಳು, ಒದ್ದೆ ಕೋಟುಗಳು,
ಬೆಂಕಿಯ ಮುಂದೆ ಎರಡಕ್ಕೂ ಒಂದೇ ವಾಸನೆ.
ಚಿಪ್ಸಿನ ಪೊಟ್ಟಣದ ಹೊಟ್ಟೆ ಸೀಳಿ
ಮೇಜಿನ ನಡುವೆ ಹರಡಿದರೆ ಎಲ್ಲರದೂ ಅಂತ ಅರ್ಥ.
ಯಾರೂ ‘ತಗೊಳ್ಳಿ’ ಅನ್ನುವುದಿಲ್ಲ.

ಗುರುವಾರ ಡಾಮಿನೋ.
ಇಪ್ಪತ್ತೆಂಟು ಬಿಲ್ಲೆ. ಇಪ್ಪತ್ತೇಳು ಕಪ್ಪು,
ಒಂದು ಪಿಯರ್ ಮರದ್ದು.
ಜೋಡಿ ಐದು ಮರ್ವಿನ್ ಟಜ್‌ನ ಜೊತೆ ಮಣ್ಣಿಗೆ ಹೋಯಿತು;
ತಂಗಿ ಅವನ ಕೋಟಿನ ಜೇಬಿಗೆ ಹಾಕಿ ಕಳಿಸಿದಳಂತೆ,
‘ಬದುಕಿದ್ದಾಗಲೇ ಬಿಟ್ಟುಕೊಡುತ್ತಿರಲಿಲ್ಲ, ಇನ್ನು ಈಗ?’
ಗುಂಡಿ ತೋಡಿದ ಆಲ್ವಿನ್ನೇ
ಹಳೆಯ ಗಾಣದ ತುಂಡಿನಲ್ಲಿ ಇನ್ನೊಂದು ಕೆತ್ತಿದ.
ಕೂದಲೆಳೆಯಷ್ಟು ದಪ್ಪ. ಬೆನ್ನು ಕಂದು.

ಅಂದರೆ, ಅದು ಯಾರ ಕೈಯಲ್ಲಿದೆಯೆಂದು
ಕೋಣೆಗೆಲ್ಲ ಗೊತ್ತು.
ಗೊತ್ತಿದ್ದೂ ಆಡುತ್ತಾರೆ, ಹುಬ್ಬು ಗಂಟಿಕ್ಕಿ,
‘ಐದು ಯಾರ ಹತ್ರ ಇದೆಯೋ ದೇವರಿಗೇ ಗೊತ್ತು’ ಎಂದು
ದೇವರ ಮೇಲೆ ಹಾಕಿ.

ಮೊದಲ ಸಲ ಅದು ನನಗೆ ಬಂದ ರಾತ್ರಿ
ಅಂಗೈಯಲ್ಲಿ ಮುಚ್ಚಿಕೊಂಡೆ, ಕಳ್ಳನ ಹಾಗೆ.
ಮೂವರೂ ಒಟ್ಟಿಗೆ ಬೆಂಕಿ ನೋಡತೊಡಗಿದರು.

ಕ್ಲೆಮ್ ಬೆಬ್‌ನ ಹೆಂಡತಿ
ಅವನ ಹೆಸರು ಮರೆತ ಚಳಿಗಾಲವೂ ಹೀಗೇ.
ಯಾರೂ ಕೇಳಲಿಲ್ಲ. ಕುರಿಗಳ ಕಾಲುಬೇನೆ, ಸೇತುವೆ ಮೇಲೆ ನೀರು,
ಕೌನ್ಸಿಲಿನವರು ಮುಚ್ಚದ ರಸ್ತೆಗುಂಡಿ, ಇಷ್ಟೇ ಮಾತು.
ಆದರೆ ಮಾರ್ಚಿಯ ತನಕ ಅವನ ಕೊಟ್ಟಿಗೆಯಲ್ಲಿ ಸೌದೆ ಮುಗಿಯಲಿಲ್ಲ.
ಯಾರು ಒಟ್ಟಿದರೆಂದು ಕ್ಲೆಮ್ ಕೂಡ ಕೇಳಲಿಲ್ಲ.

ಎಲ್ಲರೂ ದೇವತೆಗಳೇನಲ್ಲ.
ಒಂದು ಬೇಲಿಗಾಗಿ ಒಂಬತ್ತು ವರ್ಷದಿಂದ
ಬೆನ್ನು ತಿರುಗಿಸಿ ಕೂತಿದ್ದಾರೆ ವಾಟ್ಕಿನ್ಸ್ ಅಣ್ಣತಮ್ಮಂದಿರು.
ಒಬ್ಬನ ಸರದಿ ಬಂದಾಗ ಇನ್ನೊಬ್ಬನಿಗೂ ಗ್ಲಾಸು ಹೋಗುತ್ತದೆ,
ನೆಸ್ಟಾಳ ಕೈಯಿಂದ, ಹೆಸರಿಲ್ಲದೆ.

ಕ್ರಿಸ್‌ಮಸ್ಸಿಗೆ ಬಿಯರ್ ಕಂಪನಿ ಹೊಸ ಡಾಮಿನೋ ಕಳಿಸಿತು.
ಹಾಲುಬಿಳುಪು, ಒಂದಕ್ಕೊಂದು ಅಚ್ಚು ಹಾಕಿದಂತೆ.
ಒಂದು ರಾತ್ರಿ ಆಡಿದೆವು. ಯಾರ ಕೈಯಲ್ಲಿ ಏನಿದೆಯೆಂದು
ನಿಜಕ್ಕೂ ಗೊತ್ತಾಗಲಿಲ್ಲ.
ಟ್ರ್ಯಾಕ್ಟರಿನ ಕೀರನ್ ಗೆದ್ದ. ಅವನಿಗೇ ಖುಷಿಯಾದಂತಿರಲಿಲ್ಲ.
ಆ ಪೆಟ್ಟಿಗೆ ಈಗ ಕಿಟಕಿ ಪಕ್ಕದ ಮೇಜಿನ
ಕುಂಟು ಕಾಲಿನಡಿ ಇದೆ. ಸರಿಯಾದ ಎತ್ತರ.

ಇವತ್ತು ಗುರುವಾರ.
ನನ್ನ ಒಳಜೇಬಿನಲ್ಲಿ ಹೆರೆಫರ್ಡ್ ಆಸ್ಪತ್ರೆಯ ಲಕೋಟೆ.
ಬೆಳಿಗ್ಗೆ ಅದನ್ನು ಕೈಗಿತ್ತ ಜೋಸ್ಲಿನ್
ಈಗ ಎದುರು ಕೂತಿದ್ದಾಳೆ,
ಮೂಲೆಯ ಮುದ್ರೆ ಓದಿರುತ್ತಾಳೆ, ಓದದೆ ಹೇಗೆ.
ಬಿಲ್ಲೆ ಕಲಸಿದರು. ಏಳು ಎತ್ತಿಕೊಂಡೆ.
ಆರನೆಯದು ಬೆರಳಿಗೆ ಬೆಚ್ಚಗಿತ್ತು, ದಪ್ಪ.
ನಿಲ್ಲಿಸಿದೆ. ಮುಚ್ಚಲಿಲ್ಲ.

ಕ್ಲೆಮ್ ನಾಯಿಯ ಕಿವಿ ಕೆರೆದ.
ಆಲ್ವಿನ್ ಪೈಪಿಗಾಗಿ ಜೇಬು ತಡಕಿದ,
ಸೇದುವುದು ಬಿಟ್ಟು ಆರು ವರ್ಷವಾಗಿದೆ.
ಜೋಸ್ಲಿನ್ ಚಿಪ್ಸಿನ ಪೊಟ್ಟಣ ಸೀಳಿ ನಡುವೆ ಹರಡಿದಳು,
ನನ್ನ ಕಡೆ ಕೊಂಚ ವಾಲಿಸಿ.

ನನ್ನ ಸರದಿ.
ಯಾರೂ ಅವಸರ ಮಾಡಲಿಲ್ಲ.